ಓದುಗರ ಪ್ರಶ್ನೆ: ನಮ್ಮ ಬಳಗಕ್ಕೆ ಏನಂತ ಹೆಸರಿಡೋಣ?

ಪ್ರಶ್ನೆ: ನಾವು ಇಪ್ಪತ್ತಕ್ಕೂ ಜಾಸ್ತಿ ಜನ ಇದ್ದೇವೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನವರು, ಇಬ್ಬರು ದುಬೈನಲ್ಲಿದ್ದಾರೆ. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಅನ್ನುವ ಪ್ರೊಟೆಸ್ಟೆಂಟ್ ಪಂಗಡದವರಿದ್ದಾರೆ, ಕ್ಯಾಥೊಲಿಕರಿದ್ದಾರೆ, ಚರ್ಚಿಗೆ ಹೋಗೋದನ್ನೇ ಬಿಟ್ಟವರಿದ್ದಾರೆ. ಭಾನುವಾರ ಸಂಜೆ ವಿಡಿಯೊ ಕರೆಯಲ್ಲಿ ಸೇರಿ ಬೈಬಲ್ ಓದುತ್ತೇವೆ, ಪ್ರಾರ್ಥನೆ ಮಾಡುತ್ತೇವೆ, ಚರ್ಚಿನಲ್ಲಿ ಕೇಳೋಕೆ ಆಗದ ಪ್ರಶ್ನೆಗಳನ್ನು ಕೇಳುತ್ತೇವೆ. ನಮ್ಮಲ್ಲಿ ಒಬ್ಬ ಗೇ ಹುಡುಗ ಇದ್ದಾನೆ, ಡಿವೋರ್ಸ್ ಆದ ಅಕ್ಕ ಒಬ್ಬರಿದ್ದಾರೆ, ಹಿಂದೂಗಳನ್ನು ಮದುವೆಯಾದವರಿದ್ದಾರೆ. ಇನ್ನು ಮೇಲೆ ಹೊಸಬರನ್ನೂ ಕರೆಯೋಣ ಅಂತ ಮಾತಾಯಿತು, ಅದಕ್ಕೆ ಒಂದು ಹೆಸರು ಬೇಕು. ‘ಪ್ರಗತಿಪರ ಕ್ರೈಸ್ತರ ವೇದಿಕೆ’, ‘ಲಿಬರಲ್ ಕ್ರೈಸ್ತರು’, ‘ನಿಜ ಕ್ರೈಸ್ತರು’, ‘ತೆರೆದ ಬಾಗಿಲು’, ‘ಜಗುಲಿ’, ‘ಕ್ರಿಸ್ತನ ಕುಟುಂಬ’ – ಇಷ್ಟು ಬಂದಿವೆ. ಎಲ್ಲದಕ್ಕೂ ಯಾರಾದರೊಬ್ಬರ ತಕರಾರು ಇದೆ. ಯಾವುದು ಸರಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ತಕರಾರು ಬಂದದ್ದು ಒಳ್ಳೆಯದೇ ಆಯಿತು. ಆ ತಕರಾರುಗಳನ್ನು ಬರೆದಿಟ್ಟುಕೊಳ್ಳಿ, ಯಾಕಂದರೆ ಹೆಸರು ಹುಡುಕೋಕೆ ನಿಮಗೆ ಅವೇ ಸಹಾಯ ಮಾಡುತ್ತವೆ.

ಮೊದಲು ಒಂದು ಮಾತು ತೀರ್ಮಾನ ಮಾಡಿಕೊಳ್ಳಿ. ಈ ಹೆಸರನ್ನು ಓದೋದು ಯಾರು? ಈಗಾಗಲೇ ಒಳಗಿರುವ ನಿಮಗೆ ಹೆಸರಿನ ಅಗತ್ಯವೇ ಇಲ್ಲ, ಇಷ್ಟು ದಿನ ಹೆಸರಿಲ್ಲದೆಯೇ ಸೇರಿದ್ದೀರಲ್ಲ. ಅದನ್ನು ಓದುವವಳು ಇನ್ನೂ ಬಂದಿಲ್ಲ. ಯಾವುದೋ ಊರಲ್ಲಿ, ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಫೋನ್ ಹಿಡಿದು ‘ಇಲ್ಲಿ ನನ್ನನ್ನು ಸೇರಿಸಿಕೊಳ್ಳುತ್ತಾರಾ, ಮತ್ತೆ ಅವಮಾನ ಮಾಡುತ್ತಾರಾ’ ಅಂತ ಯೋಚಿಸುತ್ತಿರುವವಳು ಅವಳು. ಪ್ರತಿ ಹೆಸರನ್ನೂ ಅವಳ ಕಣ್ಣಿಂದ ಓದಿ. ಅರ್ಧ ಪಟ್ಟಿ ತಾನಾಗಿಯೇ ಹೋಗುತ್ತದೆ.

‘ನಿಜ ಕ್ರೈಸ್ತರು’ ಅನ್ನೋದನ್ನು ಇವತ್ತೇ ಹೊಡೆದುಹಾಕಿ. ನೀವು ನಿಜ ಆದರೆ ಅವಳ ಅಮ್ಮ, ಅವಳಿಗೆ ಪ್ರಾರ್ಥನೆ ಕಲಿಸಿದ ಅಜ್ಜಿ, ಊರಿನ ಚರ್ಚಿನ ಅಯ್ಯನವರು ಇವರೆಲ್ಲ ಏನಾದರು? ನಿಮ್ಮ ಹತ್ತಿರ ಬರೋಕೆ ಅವಳು ಅವರನ್ನೆಲ್ಲ ಸುಳ್ಳು ಅನ್ನಬೇಕಾ? ಚರ್ಚು ನೋಯಿಸಿದ್ದರೂ ಚರ್ಚಿನ ಜನರ ಮೇಲೆ ಪ್ರೀತಿ ಇಟ್ಟುಕೊಂಡವರೇ ನಮ್ಮಲ್ಲಿ ಜಾಸ್ತಿ.

‘ಪ್ರಗತಿಪರ’ ಅನ್ನುವ ಪದಕ್ಕೆ ನಮ್ಮ ರಾಜ್ಯದಲ್ಲಿ ರಾಜಕೀಯದ ಬಣ್ಣ ಇದೆ. ‘ಪ್ರಗತಿಪರರ ಪ್ರತಿಭಟನೆ’ ಅಂತ ಪೇಪರಿನಲ್ಲಿ ಓದಿ ಓದಿ ಅಭ್ಯಾಸ ಆದವರಿಗೆ ಇದೂ ಒಂದು ಸಂಘಟನೆ ಅನಿಸುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ನೀವು ಸೇರೋದು ಪ್ರಾರ್ಥನೆಗೆ. ‘ವೇದಿಕೆ’ ಕೂಡ ಹಾಗೇ, ಮೈಕು ಹಿಡಿದವರು ಮೇಲೆ, ಕೇಳುವವರು ಕೆಳಗೆ. ‘ಲಿಬರಲ್’ ಅಂತೂ ಈಗ ಬೈಗುಳವಾಗಿಬಿಟ್ಟಿದೆ, ಅಲ್ವಾ? ನಿಮ್ಮ ವಿಚಾರ ಲಿಬರಲ್ ಆಗಿರಲಿ, ಅದನ್ನು ಮುಚ್ಚಿಡೋದೂ ಬೇಡ. ಆದರೆ ಹೆಸರಿನ ಜಾಗದಲ್ಲಿ ಅದನ್ನು ಇಟ್ಟರೆ ನೀವು ಯಾರಿಗಿಂತ ಬೇರೆ ಅನ್ನೋದು ಗೊತ್ತಾಗುತ್ತದೆಯೇ ಹೊರತು ನೀವು ಯಾರಿಗೆ ಜಾಗ ಮಾಡಿದ್ದೀರಿ ಅನ್ನೋದು ಗೊತ್ತಾಗೋದಿಲ್ಲ.

‘ತೆರೆದ ಬಾಗಿಲು’ ಕೇಳೋಕೆ ಚೆನ್ನಾಗಿದೆ. ಆದರೆ ‘ಓಪನ್ ಡೋರ್ಸ್’ ಅನ್ನುವ ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆ ಈಗಾಗಲೇ ಇದೆ. 1955ರಲ್ಲಿ ಬ್ರದರ್ ಆಂಡ್ರ್ಯೂ ಅನ್ನುವ ಡಚ್ ವ್ಯಕ್ತಿಯ ಕೆಲಸದಿಂದ ಶುರುವಾದದ್ದು, ಕಿರುಕುಳಕ್ಕೆ ಒಳಗಾದ ಕ್ರೈಸ್ತರ ಪರ ಕೆಲಸ ಮಾಡುತ್ತದೆ. ನಿಮ್ಮನ್ನು ಅವರ ಶಾಖೆ ಅಂದುಕೊಳ್ಳುವವರು ಇದ್ದೇ ಇರುತ್ತಾರೆ.

ಈಗ ‘ಜಗುಲಿ’. ಇದರ ಮೇಲೆ ಸ್ವಲ್ಪ ನಿಲ್ಲಬೇಕು, ಯಾಕಂದರೆ ನಿಮ್ಮಲ್ಲಿ ಬಹಳ ಜನ ಇದನ್ನೇ ಮೆಚ್ಚಿರಬಹುದು ಅನಿಸುತ್ತದೆ. ದಾರಿಹೋಕರು ಬಂದು ಕೂರುವ ಜಾಗ, ಯಾರೂ ಕೇಳೋದಿಲ್ಲ, ಮಜ್ಜಿಗೆ ಕೊಡುತ್ತಾರೆ. ಆದರೆ ಈ ನಾಡಿನ ಎಷ್ಟೋ ಮನೆಗಳಲ್ಲಿ ಜಗುಲಿ ಅನ್ನೋದು ಕೆಲವರನ್ನು ತಡೆದು ನಿಲ್ಲಿಸುವ ಜಾಗವೂ ಆಗಿತ್ತು, ಇನ್ನು ಕೆಲವರಿಗೆ ಜಗುಲಿಯೂ ಇರಲಿಲ್ಲ, ಅಂಗಳದಲ್ಲೇ ನಿಲ್ಲಬೇಕಿತ್ತು. ನಮ್ಮ ಕ್ರೈಸ್ತರಲ್ಲಿ ದಲಿತ ಮೂಲದವರು ಎಷ್ಟು ಜನ ಇದ್ದಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಚರ್ಚಿನ ಒಳಗೂ ಜಾತಿಗೊಂದು ಸಾಲು, ಜಾತಿಗೊಂದು ಸಮಾಧಿ ಜಾಗ ಇದ್ದದ್ದು ದಕ್ಷಿಣ ಭಾರತದ ಚರ್ಚಿನ ಇತಿಹಾಸದಲ್ಲಿ ದಾಖಲಾಗಿದೆ. ಅಂಥ ಮನೆತನದಿಂದ ಬಂದವರೊಬ್ಬರು ‘ಜಗುಲಿ’ ಅಂತ ಓದಿದರೆ ಅವರಿಗೆ ಮಜ್ಜಿಗೆ ನೆನಪಾಗುತ್ತದಾ, ‘ಅಲ್ಲೇ ನಿಲ್ಲು’ ಅನ್ನುವ ಮಾತು ನೆನಪಾಗುತ್ತದಾ? ನಿಮ್ಮ ಬಳಗದಲ್ಲೇ ಅಂಥವರಿದ್ದರೆ ಅವರನ್ನು ಕೇಳಿ, ಅವರು ಬೇಡ ಅಂದರೆ ಬೇಡ. ‘ಪಂಕ್ತಿ’ ಅನ್ನುವ ಪದಕ್ಕೂ ಇದೇ ಕಷ್ಟ ಇದೆ.

‘ಕ್ರಿಸ್ತನ ಕುಟುಂಬ’ದ ತೊಂದರೆ ಬೇರೆ. ಚರ್ಚಿನಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ಮಕ್ಕಳು. ಕುಟುಂಬ ಭಾನುವಾರ, ಕುಟುಂಬ ಕೂಟ, ಕುಟುಂಬ ಪ್ರಾರ್ಥನೆ. ಡಿವೋರ್ಸ್ ಆದ ಆ ಅಕ್ಕ ಇದನ್ನೆಲ್ಲ ಎಷ್ಟು ವರ್ಷ ಹಿಂದಿನ ಬೆಂಚಿನಲ್ಲಿ ಕೂತು ಕೇಳಿರಬೇಕು! ಮನೆಯಿಂದಲೇ ಹೊರಗೆ ಹಾಕಿಸಿಕೊಂಡ ಟ್ರಾನ್ಸ್‌ಜೆಂಡರ್ ಹುಡುಗಿಗೆ ಕುಟುಂಬ ಅನ್ನುವ ಪದವೇ ಗಾಯ.

ಹೆಸರು ತಪ್ಪಿದ್ದನ್ನು ದೊಡ್ಡ ದೊಡ್ಡ ಸಂಸ್ಥೆಗಳೂ ತಿದ್ದಿಕೊಂಡಿವೆ. ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ ಲಿಬರಲ್ ಜನ 1898ರಲ್ಲಿ ಒಂದು ಸಂಘ ಕಟ್ಟಿದರು. ಅದರ ಹೆಸರಲ್ಲಿ ‘ಚರ್ಚ್‌ಮೆನ್’ ಅಂತ ಇತ್ತು, ಗಂಡಸರು ಮಾತ್ರ ಅನ್ನುವ ಹಾಗೆ. ಮುಂದೆ ಅದನ್ನು ‘ಚರ್ಚ್‌ಪೀಪಲ್’ ಅಂತ ಮಾಡಿದರು, 2010ರಲ್ಲಿ ‘ಮಾಡರ್ನ್ ಚರ್ಚ್’ ಅಂತ ಚಿಕ್ಕದು ಮಾಡಿಕೊಂಡರು. ವಿಚಾರದಲ್ಲಿ ಎಷ್ಟು ಮುಂದಿದ್ದರೂ ಹೆಸರಿನಿಂದ ಹೆಂಗಸರು ಹೊರಗೇ ಇದ್ದರು ನೋಡಿ. ಹಾಗಾಗಿ ‘ಸಹೋದರರು’ ಅನ್ನುವ ಕಡೆಗೂ ಹೋಗಬೇಡಿ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಇಂಥ ಬಳಗಗಳಲ್ಲಿ ಜಾಸ್ತಿ ಎಡವೋದು ಇಲ್ಲೇ. ಯಾರಿಗೂ ನೋವಾಗದ ಹೆಸರು ಅಂತ ಹೊರಟು ಕೊನೆಗೆ ‘ಎಲ್ಲರಿಗೂ ಸ್ವಾಗತ’ ಅಂತ ಇಟ್ಟುಬಿಡುತ್ತಾರೆ. ಆದರೆ ‘ಎಲ್ಲರಿಗೂ ಸ್ವಾಗತ’ ಅನ್ನುವ ಬೋರ್ಡು ಯಾವ ಚರ್ಚಿನ ಮುಂದೆ ಇಲ್ಲ ಹೇಳಿ? ಆ ಗೇ ಹುಡುಗ ಅಂಥ ಬೋರ್ಡಿನ ಕೆಳಗೇ ನಡೆದು ಒಳಗೆ ಹೋಗಿ, ತಾನು ಪಾಪಿ, ತನ್ನನ್ನು ‘ವಾಸಿ’ ಮಾಡಬೇಕು ಅನ್ನುವ ಉಪದೇಶ ಕೇಳಿ ಬಂದಿರಬಹುದು. ಅವನಂಥವರಿಗೆ ಹೆಸರು ಹಿಡಿದು ಕರೆಯದ ಸ್ವಾಗತದ ಮೇಲೆ ನಂಬಿಕೆ ಬರೋದಿಲ್ಲ, ಬರಬೇಕು ಅಂತ ಕೇಳೋದೂ ನ್ಯಾಯ ಅಲ್ಲ.

ಅಮೆರಿಕದ ಚರ್ಚುಗಳು ಇದನ್ನು ಎದುರಿಸಿದ ರೀತಿಯನ್ನು ನೀವು ತಿಳಿದುಕೊಂಡರೆ ಉಪಯೋಗ ಆಗುತ್ತದೆ. 1968ರ ಅಕ್ಟೋಬರ್ 6ರಂದು ಲಾಸ್ ಏಂಜಲೀಸ್ ಹತ್ತಿರ ಟ್ರಾಯ್ ಪೆರಿ ಅನ್ನುವ ಪಾದ್ರಿ ತಮ್ಮ ಮನೆಯ ಹಾಲಿನಲ್ಲಿ ಆರಾಧನೆ ಮಾಡಿದರು. ಗೇ ಅನ್ನುವ ಕಾರಣಕ್ಕೆ ಅವರು ತಮ್ಮ ಪೆಂಟೆಕೋಸ್ಟಲ್ ಸಭೆಯನ್ನು ಕಳೆದುಕೊಂಡಿದ್ದರು. ಅವತ್ತು ಬಂದವರು 12 ಜನ. ಅವರು ಇಟ್ಟ ಹೆಸರು ‘ಮೆಟ್ರೊಪಾಲಿಟನ್ ಕಮ್ಯುನಿಟಿ ಚರ್ಚ್’. ಹೆಸರಿನಲ್ಲಿ ಗೇ ಅನ್ನುವ ಪದ ಇಲ್ಲ, ಇಡೀ ಊರಿನ ಸಭೆ ಅನ್ನುವ ಹಾಗಿದೆ. ಆದರೆ ಅವರು ಯಾರಿಗಾಗಿ ಬಾಗಿಲು ತೆಗೆದಿದ್ದಾರೆ ಅನ್ನೋದನ್ನು ಒಂದು ದಿನವೂ ಮುಚ್ಚಿಡಲಿಲ್ಲ. ಆಮೇಲೆ ದೊಡ್ಡ ಪಂಗಡಗಳೊಳಗಿನ ಸಭೆಗಳಿಗೂ ಒಂದು ಗುರುತು ಬೇಕಾಯಿತು. ಮೆಥಡಿಸ್ಟರಲ್ಲಿ 1984ರಲ್ಲಿ ‘ರೀಕನ್ಸೈಲಿಂಗ್’, ಅಂದರೆ ಮತ್ತೆ ಒಂದು ಮಾಡುವ ಸಭೆ, ಅಂತ ಬಂತು. 1985ರಲ್ಲಿ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್‌ನವರು ‘ಓಪನ್ ಅಂಡ್ ಅಫರ್ಮಿಂಗ್’ ಅಂತ ಶುರು ಮಾಡಿದರು. ನಾವು ತೆರೆದಿದ್ದೇವೆ ಅನ್ನೋದು ಮಾತ್ರ ಸಾಲದು, ನೀನು ಇರುವ ಹಾಗೇ ಸರಿ ಅಂತಲೂ ಹೇಳುತ್ತೇವೆ ಅನ್ನೋದು ಅದರ ತಾತ್ಪರ್ಯ. ನನಗೆ ಇಷ್ಟವಾದದ್ದು ಹೆಸರಿಗಿಂತ ಅದನ್ನು ಪಡೆಯುವ ಕ್ರಮ. ಒಂದು ಸಭೆ ಸುಮ್ನೆ ಹೋಗಿ ಆ ಹೆಸರು ಹಾಕಿಕೊಳ್ಳೋಕೆ ಆಗೋದಿಲ್ಲ. ಸದಸ್ಯರೆಲ್ಲ ಕೂತು ಓದಿ, ಮಾತಾಡಿ, ಕೆಲವೊಮ್ಮೆ ಅತ್ತು ಜಗಳಾಡಿ, ಯಾರ್‍ಯಾರನ್ನು ಸ್ವೀಕರಿಸುತ್ತೇವೆ ಅಂತ ಬರೆದು ಮತ ಹಾಕಬೇಕು. ನೀವೂ ಹಾಗೆ ಮಾಡಿ. ಆ ಹುಡುಗನನ್ನು ನಾಳೆ ಪ್ರಾರ್ಥನೆ ನಡೆಸೋಕೆ ಬಿಡುತ್ತೀರಾ? ಅವನು ತನ್ನ ಸಂಗಾತಿಯನ್ನು ಕರೆದುಕೊಂಡು ಬಂದರೆ? ಇದಕ್ಕೆ ಹೌದು ಅಂತ ಎಲ್ಲರೂ ಒಪ್ಪುವ ಮೊದಲು ಯಾವ ಹೆಸರನ್ನೂ ಹೊರಗೆ ಹಾಕಬೇಡಿ. ಸ್ವಾಗತ ಅಂತ ಬರೆದು ಆಮೇಲೆ ಬಾಗಿಲಲ್ಲಿ ಷರತ್ತು ಹೇಳೋದು ಸ್ವಾಗತವೇ ಇಲ್ಲದ್ದಕ್ಕಿಂತ ಕ್ರೂರ.

ಹೆಸರು ಹಿಡಿದು ಹೇಳೋದರಿಂದ ಏನು ಬದಲಾಗುತ್ತದೆ ಅನ್ನೋಕೆ ನಮ್ಮ ಬೆಂಗಳೂರಲ್ಲೇ ಉದಾಹರಣೆ ಇದೆ. 1981ರಲ್ಲಿ ಇಲ್ಲಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅನ್ನುವ ಕ್ರೈಸ್ತ ಚಿಂತಕರು ಒಂದು ಉಪನ್ಯಾಸ ಕೊಟ್ಟರು. ‘ಭಾರತೀಯ ಕ್ರೈಸ್ತ ಚಿಂತನೆ’ ಅನ್ನುವ ದೊಡ್ಡ ಹೆಸರಿನ ಕೆಳಗೆ ಮೇಲ್ಜಾತಿಯ ತತ್ವಶಾಸ್ತ್ರದ ಮಾತೇ ನಡೆಯುತ್ತಿದೆ, ಚರ್ಚು ತುಂಬಿರುವ ಜನರ ನೋವು ಅದರಲ್ಲಿ ಎಲ್ಲಿದೆ ಅನ್ನೋದು ಅವರ ಪ್ರಶ್ನೆ. ಅಲ್ಲಿಂದ ಬೆಳೆದದ್ದೇ ದಲಿತ ದೇವತಾಶಾಸ್ತ್ರ, ಅಂದರೆ ದಲಿತರ ಅನುಭವದಿಂದ ದೇವರನ್ನು ನೋಡುವ ಚಿಂತನೆ. ‘ಎಲ್ಲರೂ’ ಅಂದಾಗ ಬಿಟ್ಟುಹೋದವರು ‘ದಲಿತ’ ಅಂದಾಗ ಕಾಣಿಸಿದರು.

ಹಾಗಾದರೆ ಏನು ಮಾಡೋದು? ಹೆಸರು ಮೃದುವಾಗಿರಲಿ, ಅದರ ಕೆಳಗಿನ ಸಾಲು ನೇರವಾಗಿರಲಿ. ಎರಡನ್ನೂ ಒಂದೇ ಹೆಸರಿಂದ ಮಾಡಿಸೋಕೆ ಹೋದದ್ದರಿಂದಲೇ ನಿಮಗೆ ಜಗಳ ಬಂದಿದೆ.

ನನ್ನ ಸಲಹೆ ‘ಗೆಳೆತನ’ ಅಂತ. ಬೇಕಾದರೆ ‘ಗೆಳೆತನ ಬಳಗ’ ಅನ್ನಿ. ಯಾಕೆ ಅಂದರೆ ಯೇಸುವನ್ನು ಆಗಿನ ಕಾಲದ ದೊಡ್ಡವರು ಹೀಯಾಳಿಸಿದ್ದೇ ಈ ಮಾತಿನಿಂದ, ‘ಸುಂಕದವರ, ಪಾಪಿಗಳ ಗೆಳೆಯ’ ಅಂತ. ಮತ್ತಾಯ 11ನೇ ಅಧ್ಯಾಯದಲ್ಲಿದೆ, ಲೂಕ 7ರಲ್ಲೂ ಇದೆ. ಯೋಹಾನ 15ರಲ್ಲಿ ಅವರು ತಮ್ಮ ಶಿಷ್ಯರಿಗೆ, ಇನ್ನು ನಿಮ್ಮನ್ನು ಆಳುಗಳು ಅನ್ನೋದಿಲ್ಲ, ಸ್ನೇಹಿತರು ಅನ್ನುತ್ತೇನೆ ಅನ್ನುತ್ತಾರೆ. ‘ಕ್ವೇಕರ್’ ಅಂತ ಜನ ಕರೆಯುವ ಪಂಗಡ ಇದೆಯಲ್ಲ, ಅದರ ಸ್ವಂತ ಹೆಸರು ಸ್ನೇಹಿತರ ಸಂಘ ಅಂತಲೇ. ಕ್ವೇಕರ್ ಅನ್ನೋದು 17ನೇ ಶತಮಾನದಲ್ಲಿ ಹೊರಗಿನವರು ಅಣಕಕ್ಕೆ ಇಟ್ಟದ್ದು. ಹೊರಗಿನವರು ನಿಮಗೂ ಏನಾದರೂ ಅಡ್ಡಹೆಸರು ಇಡುತ್ತಾರೆ, ಅದಕ್ಕೆ ಹೆದರಬೇಡಿ. ಅಂತಿಯೋಕ್ಯ ಅನ್ನುವ ಪುರಾತನ ಪಟ್ಟಣದಲ್ಲಿ ಯೇಸುವಿನ ಶಿಷ್ಯರಿಗೆ ‘ಕ್ರೈಸ್ತರು’ ಅನ್ನುವ ಹೆಸರು ಬಂದದ್ದೂ ಹೊರಗಿನವರಿಂದಲೇ ಅಂತ ಬಹಳ ವಿದ್ವಾಂಸರು ಹೇಳುತ್ತಾರೆ.

ಇನ್ನೊಂದು ಅನುಕೂಲ ಇದೆ. ಕ್ಯಾಥೊಲಿಕರು ಶುಭಸಂದೇಶ ಅನ್ನುತ್ತಾರೆ, ಪ್ರೊಟೆಸ್ಟೆಂಟರು ಸುವಾರ್ತೆ ಅನ್ನುತ್ತಾರೆ. ಒಬ್ಬರ ಪರಮಪ್ರಸಾದ ಇನ್ನೊಬ್ಬರ ಕರ್ತನ ಭೋಜನ. ಇದರಲ್ಲಿ ಯಾವ ಪದ ಇಟ್ಟರೂ ಬೋರ್ಡು ಓದಿದ ಕೂಡಲೇ ‘ಇದು ಅವರದ್ದು’ ಅನಿಸುತ್ತದೆ. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಸಭೆಗಳು ಸೇರಿದಾಗ ಯಾರ ಹಳೆಯ ಹೆಸರನ್ನೂ ಉಳಿಸಿಕೊಳ್ಳದೆ ‘ದಕ್ಷಿಣ ಭಾರತ ಸಭೆ’ ಅಂದರು. ಜಾಣತನದ ಕೆಲಸ ಅದು. ಗೆಳೆತನ ಯಾವ ಪಂಗಡದ ಸೊತ್ತೂ ಅಲ್ಲ, ಗಂಡಿಗೂ ಹೆಣ್ಣಿಗೂ ಎರಡೂ ಅಲ್ಲದವರಿಗೂ ಆಗುತ್ತದೆ, ಕೊಂಕಣಿ, ತಮಿಳು ಮನೆಮಾತಿನವರ ಬಾಯಿಗೂ ಸುಲಭ.

ಕೆಳಗಿನ ಸಾಲು ಹೀಗಿರಬಹುದು: ‘ಯೇಸುವನ್ನು ಪ್ರೀತಿಸುವ, ಪ್ರಶ್ನೆ ಕೇಳೋಕೆ ಹೆದರದ ಕನ್ನಡ ಬಳಗ. ಗೇ, ಲೆಸ್ಬಿಯನ್, ಟ್ರಾನ್ಸ್‌ಜೆಂಡರ್ ಗೆಳೆಯ ಗೆಳತಿಯರು, ಒಂಟಿಯಾಗಿರುವವರು, ಡಿವೋರ್ಸ್ ಆದವರು, ಬೇರೆ ಧರ್ಮದವರನ್ನು ಮದುವೆಯಾದವರು, ಚರ್ಚು ಬಿಟ್ಟವರು, ನಂಬಿಕೆ ಅರ್ಧ ಇರುವವರು – ಯಾರೂ ಬದಲಾಗಿ ಬರಬೇಕಾಗಿಲ್ಲ. ಇಲ್ಲಿ ಜಾತಿ ಕೇಳೋದಿಲ್ಲ.’ ಉದ್ದ ಆಯಿತು ಅನ್ನಬೇಡಿ. ತನ್ನ ಹೆಸರು ಇದೆಯಾ ಅಂತ ಹುಡುಕುವವರು ಆ ಸಾಲನ್ನು ಪೂರ್ತಿ ಓದುತ್ತಾರೆ.

ಪ್ರಶ್ನೆ: ನಾವೂ ಇಂಥದ್ದೇ ಒಂದು ಚಿಕ್ಕ ಗುಂಪು ಕಟ್ಟಿಕೊಂಡಿದ್ದೇವೆ. ನನ್ನ ಅಳಿಯ ಹಿಂದೂ, ಅವರಿಗೂ ಯೇಸುವಿನ ಮಾತುಗಳು ಇಷ್ಟ. ಮತಾಂತರದ ಗುಮಾನಿ ಬೇಡ ಅಂತ ಹೆಸರಲ್ಲಾಗಲಿ ಪರಿಚಯದಲ್ಲಾಗಲಿ ಕ್ರೈಸ್ತ, ಯೇಸು ಅನ್ನುವ ಪದವೇ ಇಲ್ಲದೆ ಇಟ್ಟರೆ ಹೇಗೆ?
– ಓದುಗರು, ಹಾಸನ

ಉತ್ತರ: ಹಾಗೆ ಮಾಡಬೇಡಿ. ಹೆಸರಲ್ಲಿ ಇಲ್ಲದಿದ್ದರೂ ನಡೆಯುತ್ತದೆ, ಮೊದಲ ಸಾಲಿನಲ್ಲೇ ಯೇಸುವಿನ ಹೆಸರು ಇರಲೇಬೇಕು. 2022ರಲ್ಲಿ ಮತಾಂತರ ತಡೆ ಕಾಯ್ದೆ ಬಂದ ಹೊತ್ತಿನಲ್ಲಿ ನಮ್ಮ ರಾಜ್ಯದಲ್ಲಿ ಎಷ್ಟು ಅನುಮಾನ, ಎಷ್ಟು ಭಯ ಇತ್ತು ಅಂತ ನಿಮಗೇ ಗೊತ್ತು. ಅಂಥ ಕಡೆ ‘ಮಾನವತಾ ಬಳಗ’ ಅಂತ ಹೆಸರಿಟ್ಟು ಒಳಗೆ ಬೈಬಲ್ ಓದಿದರೆ, ನಿಮ್ಮ ಮನಸ್ಸು ಎಷ್ಟೇ ಶುದ್ಧವಾಗಿದ್ದರೂ ನೋಡುವವರಿಗೆ ಮುಚ್ಚಿಟ್ಟ ಹಾಗೆ ಕಾಣುತ್ತದೆ. ಬೆಂಗಳೂರಿನ ವಿವೇಕನಗರದ ಬಾಲ ಯೇಸು ದೇವಾಲಯಕ್ಕೆ ಗುರುವಾರ ಹೋಗಿ ನೋಡಿ. ಎಲ್ಲ ಧರ್ಮದವರೂ ಮೇಣದಬತ್ತಿ ಹಿಡಿದು ನಿಂತಿರುತ್ತಾರೆ. ಯೇಸುವಿನ ಹೆಸರು ಬೋರ್ಡಿನ ಮೇಲೆ ದೊಡ್ಡದಾಗಿಯೇ ಇದೆ, ಅದು ಯಾರನ್ನೂ ತಡೆದಿಲ್ಲ.

ತಡೆಯುವ ಪದಗಳು ಬೇರೆ. ‘ಮಿಷನ್’, ‘ಕೊಯ್ಲು’, ‘ಆತ್ಮಗಳ ರಕ್ಷಣೆ’ ಇಂಥವನ್ನು ಬಿಡಿ, ನೀವು ಮಾಡುವ ಕೆಲಸವೂ ಅದಲ್ಲ. ‘ಇಲ್ಲಿ ಯಾರನ್ನೂ ಮತ ಬದಲಾಯಿಸಿ ಅಂತ ಕೇಳೋದಿಲ್ಲ’ ಅಂತ ಒಂದು ಸಾಲು ಸೇರಿಸಿ. ನಿಮ್ಮ ಅಳಿಯಂದಿರಿಂದಲೇ ಆ ಸಾಲು ಬರೆಸಿ. ಅವರಿಗೆ ಯಾವ ಮಾತು ಕೇಳಿದರೆ ನಿರಾಳ ಅನಿಸುತ್ತದೆ ಅನ್ನೋದು ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಪ್ರಶ್ನೆ: ನನ್ನ ಮಗ ‘ಲಿಬರಲ್ ಕ್ರೈಸ್ತರ’ ಗುಂಪಿಗೆ ಸೇರಿದ್ದಾನೆ. ಆ ಹೆಸರು ಕೇಳಿಯೇ ನನಗೆ ಭಯ ಆಯಿತು. ಇವರು ದೇವರನ್ನೇ ನಂಬೋದಿಲ್ಲವಾ? ಯೇಸು ಸತ್ತು ಮತ್ತೆ ಎದ್ದು ಬಂದ ಪುನರುತ್ಥಾನ ಇಲ್ಲ ಅನ್ನುತ್ತಾರಾ? ನಾನು ದಿನಾ ಜಪಸರ ಮಾಡುವವಳು.
– ಒಬ್ಬ ತಾಯಿ, ಮಂಗಳೂರು

ಉತ್ತರ: ಅಮ್ಮಾ, ನಿಮ್ಮ ಭಯ ನನಗೆ ಅರ್ಥ ಆಗುತ್ತದೆ. ಲಿಬರಲ್ ಅನ್ನುವ ಮಾತು ಕ್ರೈಸ್ತರಲ್ಲಿ ಹೊಸದೇನಲ್ಲ. ಎರಡು ಶತಮಾನದ ಹಿಂದೆ ಜರ್ಮನಿಯಲ್ಲಿ ಶ್ಲೈಯರ್‌ಮಾಕರ್ ಅನ್ನುವ ಪ್ರೊಟೆಸ್ಟೆಂಟ್ ಪಾದ್ರಿಯ ಕಾಲದಿಂದ ಈ ದಾರಿ ಇದೆ. ಬೈಬಲನ್ನು ಅದು ಹುಟ್ಟಿದ ಕಾಲ, ದೇಶ ತಿಳಿದು ಓದಬೇಕು, ವಿಜ್ಞಾನಕ್ಕೆ ಹೆದರಬಾರದು, ನಂಬಿಕೆ ಅನ್ನೋದು ಹೃದಯದ ವಿಷಯ, ಒತ್ತಾಯದ್ದಲ್ಲ – ಸ್ಥೂಲವಾಗಿ ಇಷ್ಟು. ಅದರೊಳಗೆ ಪುನರುತ್ಥಾನವನ್ನು ನೀವು ನಂಬುವ ಹಾಗೇ ನಂಬುವವರಿದ್ದಾರೆ, ಅದನ್ನು ಬೇರೆ ಅರ್ಥದಲ್ಲಿ ತಿಳಿಯುವವರೂ ಇದ್ದಾರೆ. ನಿಮ್ಮ ಮಗ ಯಾವ ಕಡೆ ಅಂತ ನಾನು ಇಲ್ಲಿ ಕೂತು ಹೇಳಲಾರೆ, ಅವನನ್ನೇ ಕೇಳಿ. ಒಂದು ಮಾತು ಮಾತ್ರ ನೋಡಿ, ನಂಬಿಕೆ ಪೂರ್ತಿ ಬಿಟ್ಟವನು ಪ್ರಾರ್ಥನೆ ಮಾಡುವ ಗುಂಪನ್ನು ಹುಡುಕಿಕೊಂಡು ಹೋಗೋದು ಅಪರೂಪ.

ನಿಮ್ಮ ಪತ್ರವನ್ನು ಮೇಲಿನ ಬೆಂಗಳೂರಿನವರೂ ಓದಲಿ ಅಂತಲೇ ಇಲ್ಲಿ ಹಾಕಿದ್ದೇನೆ. ಹೆಸರು ಕೇಳಿಯೇ ಬಾಗಿಲಲ್ಲಿ ನಿಂತವರಲ್ಲಿ ನೀವೂ ಒಬ್ಬರು. ಜಪಸರ ಹಿಡಿದ ತಾಯಿಗೆ ಜಾಗ ಇಲ್ಲದ ಬಳಗ ತನ್ನನ್ನು ಉದಾರಿ ಅಂತ ಕರೆದುಕೊಳ್ಳಬಾರದು.

ಮಗನ ಗುಂಪು ಮುಂದಿನ ಸಲ ಸೇರಿದಾಗ ನೀವೂ ಕೂರಬಹುದಾ ಅಂತ ಕೇಳಿ. ಪುನರುತ್ಥಾನದ ಪ್ರಶ್ನೆಯನ್ನು ಅಲ್ಲೇ, ಎಲ್ಲರ ಮುಂದೆ ಕೇಳಿ. ಅವರು ಮರ್ಯಾದೆಯಿಂದ ಕೇಳಿಸಿಕೊಂಡು ಉತ್ತರ ಕೊಟ್ಟರೆ, ನೀವು ಒಪ್ಪದಿದ್ದರೂ, ಮಗ ಒಳ್ಳೆಯ ಜನರ ಜೊತೆ ಇದ್ದಾನೆ ಅಂದುಕೊಳ್ಳಿ. ನಿಮ್ಮನ್ನು ಹಳೆಯ ಕಾಲದವರು ಅಂತ ಪಕ್ಕಕ್ಕೆ ಸರಿಸಿದರೆ ಆ ವಿಷಯ ಮಗನಿಗೆ ನೇರವಾಗಿ ಹೇಳಿ, ಅವನು ಅದನ್ನು ಅವರಿಗೆ ಹೇಳಬೇಕು.